ಗಿಡ ಒಣಗುತ್ತಿದೆಯಾ? ಔಷಧಿ ಅಂಗಡಿಗೆ ಹೋಗುವ ಮುಂಚೆ ಒಂದು ಗಿಡ ಕಿತ್ತು ನೋಡಿ

ಹೋದ ವರ್ಷ ಹುಬ್ಬೆ ಮಳೆ ಹಿಡಿದ ವಾರ ನಮ್ಮೂರಿನ ಮಾವ ಒಬ್ಬರು ಫೋನ್ ಮಾಡಿದರು. ನಮ್ಮದು ಮಧುಗಿರಿ ತಾಲೂಕು, ಪಾವಗಡದ ಕಡೆಗೆ ಹೋಗುವ ದಿಕ್ಕು. ಮಳೆ ಬಂದರೆ ಕಡಲೆಕಾಯಿ, ಬರದಿದ್ದರೂ ಕಡಲೆಕಾಯಿ.

"ಎರಡು ಸಲ ಔಷಧಿ ಹೊಡೆದೆ ಕಣಪ್ಪ, ಒಣಗೋದು ನಿಂತೇ ಇಲ್ಲ."

"ಗಿಡ ಕಿತ್ತು ನೋಡಿದ್ರಾ ಮಾವ?"

"ಕಿತ್ತು ನೋಡೋಕೇನೈತೆ? ಎಲೆ ಹಳದಿ ಆಗೈತೆ. ಎಲೆ ತಗೊಂಡೋಗಿ ತೋರಿಸ್ದೆ, ಕೊಟ್ರು."

ಸಂಜೆ ಹೋಗಿ ಒಂದು ಗಿಡ ಕಿತ್ತೆವು. ಮಣ್ಣಿಗೆ ತಾಗಿದ ಜಾಗದಲ್ಲಿ ಎರಡು ಬೆರಳಷ್ಟು ಕಾಂಡಕ್ಕೆ ಬಿಳೀ ಹತ್ತಿ ಸುತ್ತಿದ ಹಾಗೆ ಬೂಷ್ಟು. ಅದರ ಮೇಲೆ ಸಾಸಿವೆ ಚೆಲ್ಲಿದಂತೆ ಸಣ್ಣ ಸಣ್ಣ ಕಂದು ಕಾಳು. ಮಾವ ತೋಯಿಸಿದ್ದು ಎಲೆಯನ್ನು, ರೋಗ ಕೂತಿದ್ದು ಬುಡದಲ್ಲಿ. ಎರಡು ಟ್ಯಾಂಕ್ ಔಷಧಿ ದುಡ್ಡು ಹೋಯಿತು.

ಅದಕ್ಕೇ ಇದನ್ನು ಬರೆಯುತ್ತಿರುವುದು. ದ್ವಿದಳ ಬೆಳೆಗಳಿಗೆ ಬರುವ ಶಿಲೀಂಧ್ರ ರೋಗ, ಅಂದರೆ ಬೂಷ್ಟು ರೋಗ, ಕಾಣಿಸಿಕೊಳ್ಳುವುದು ಇವತ್ತು. ಆದರೆ ಅದಕ್ಕೆ ದಾರಿ ಮಾಡಿಕೊಟ್ಟದ್ದು ತಿಂಗಳ ಹಿಂದಿನ ಬಿತ್ತನೆ, ಕುಂಟೆ, ಗೊಬ್ಬರ. ಕೆಲವು ಸಲ ಮೂರು ವರ್ಷದ ಹಿಂದಿನ ಬೆಳೆ. ಹಾಗಾಗಿ "ಯಾವ ಔಷಧಿ" ಅಂತ ಕೇಳುವ ಮುಂಚೆ "ನಾನು ಏನು ಮಾಡಿದೆ" ಅಂತ ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ.

ಮೊದಲು ಬದುವಿನ ಮೇಲೆ ಒಂದು ಸುತ್ತು

ಹೊಲಕ್ಕೆ ಇಳಿಯುವ ಮುಂಚೆ ಬದುವಿನ ಮೇಲೆ ನಿಂತು ನೋಡಿ. ಒಣಗಿದ್ದು ಎಲ್ಲೆಲ್ಲಿ? ಬಿತ್ತಿ ಇನ್ನೂ ಹದಿನೈದು ಇಪ್ಪತ್ತು ದಿನ, ಅಲ್ಲೊಂದು ಇಲ್ಲೊಂದು ಗಿಡ ಸಾಯುತ್ತಿದೆ ಅಂದರೆ ಅನುಮಾನ ಬೀಜದ ಮೇಲೆ. ಐವತ್ತು ದಿನ ದಾಟಿದೆ, ಒಂದು ಗಿಡ ಒಣಗಿ ಆಮೇಲೆ ಅದೇ ಸಾಲಿನ ಪಕ್ಕದ್ದು, ಅದರ ಪಕ್ಕದ್ದು ಅಂತ ಸರಪಳಿ ಹಾಗೆ ಹೋಗುತ್ತಿದ್ದರೆ ಮಣ್ಣಿನಲ್ಲಿರುವ ಬೂಷ್ಟು. ತಗ್ಗಿನಲ್ಲಿ ಮಾತ್ರ ಸಾಯುತ್ತಿದ್ದರೆ ನೀರು ನಿಂತದ್ದು ಕಾರಣ. ದಿಬ್ಬದ ಮೇಲೆ, ಕಲ್ಲು ಜಾಸ್ತಿ ಇರುವ ಕಡೆ ಮಾತ್ರ ಸಾಯುತ್ತಿದ್ದರೆ ಹದ ಸಾಲದ್ದು. ಇಡೀ ಹೊಲ ಒಂದೇ ಸಮ ಕೆಳಗಿನ ಎಲೆಯಿಂದ ಮೇಲಕ್ಕೆ ಕೆಟ್ಟು ಬರುತ್ತಿದ್ದರೆ ಅದು ಎಲೆ ರೋಗ, ಬುಡ ಚೆನ್ನಾಗಿಯೇ ಇರುತ್ತದೆ.

ಆಮೇಲೆ ಕಿತ್ತು ನೋಡಿ. ಪೂರ್ತಿ ಸತ್ತದ್ದನ್ನು ಕೀಳಬೇಡಿ, ಸತ್ತ ಗಿಡದ ಮೇಲೆ ಊರಿನ ಬೂಷ್ಟೆಲ್ಲ ಬಂದು ಕೂತಿರುತ್ತದೆ. ಈಗಷ್ಟೇ ಬಾಡಲು ಶುರುವಾದ ಗಿಡ ಒಂದು, ಪಕ್ಕದ ಚೆನ್ನಾಗಿರುವುದು ಒಂದು. ಕೈಯಲ್ಲಿ ಎಳೆದರೆ ಬೇರು ಕಿತ್ತು ಒಳಗೇ ಉಳಿಯುತ್ತದೆ, ಗುದ್ದಲಿಯಲ್ಲಿ ಮಣ್ಣು ಸಮೇತ ಎತ್ತಿ. ಎಳೆದ ಕೂಡಲೇ ಸಲೀಸಾಗಿ ಬಂತು, ತಾಯಿಬೇರು ಕತ್ತರಿಸಿದ ಹಾಗಿದೆ ಅಂದರೆ ಅದು ರೋಗವೇ ಅಲ್ಲ, ಗೊಣ್ಣೆಹುಳು. ಅಲ್ಲೇ ಅರ್ಧ ಅಡಿ ಕೆದಕಿದರೆ ಬಿಳಿ ಹುಳು ಸುರುಳಿ ಸುತ್ತಿಕೊಂಡು ಸಿಗುತ್ತದೆ. ಅದಕ್ಕೆ ಬೂಷ್ಟಿನ ಔಷಧಿ ಹೊಯ್ದರೆ ಹುಳ ನಗುತ್ತದೆ ಅಷ್ಟೇ.

ಚಿಕ್ಕ ಗಿಡ ಕುತ್ತಿಗೆ ಮುರಿದು ಬೀಳುತ್ತಿದೆ

ಕಡಲೆಕಾಯಿ ಗಿಡದ ಕುತ್ತಿಗೆ ಭಾಗ ನಾರುನಾರಾಗಿ, ಮೇಲೆ ಮಸಿ ಬಳಿದಂತೆ ಕಪ್ಪು ಪುಡಿ ಇದೆಯಾ? ಕತ್ತು ಕೊಳೆ ರೋಗ. ಆಸ್ಪರ್ಜಿಲಸ್ ನೈಜರ್ ಅನ್ನುವ ಬೂಷ್ಟು, ಹಳೇ ಈರುಳ್ಳಿ ಸಿಪ್ಪೆಯ ಮೇಲೆ ಕಾಣುವ ಕಪ್ಪು ಪುಡಿಯ ಬಳಗ. ಇದು ಮಣ್ಣಿನಲ್ಲೂ ಇರುತ್ತದೆ, ಬೀಜದ ಜೊತೆಗೂ ಬರುತ್ತದೆ.

ಇಲ್ಲಿ ಕೇಳಿಕೊಳ್ಳಬೇಕಾದದ್ದು ಎರಡೇ. ಬೀಜ ಎಲ್ಲಿ ಒಡೆಸಿದಿರಿ? ಎಷ್ಟು ಆಳಕ್ಕೆ ಬಿತ್ತಿದಿರಿ? ಮುಂಚೆ ಬಿತ್ತನೆಗೆ ಎಂಟು ದಿನ ಇರುವಾಗ ಮನೆಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತು ಕೈಯಲ್ಲೇ ಕಾಯಿ ಸುಲಿಯುತ್ತಿದ್ದರು, ಮುರುಕಲು, ಸಿಪ್ಪೆ ಬಿಟ್ಟದ್ದು, ಸುಕ್ಕಾದದ್ದು ಎಲ್ಲ ಬೇರೆ ಮೊರಕ್ಕೆ ಹೋಗುತ್ತಿತ್ತು. ಈಗ ಮಿಷಿನ್ನಿಗೆ ಹಾಕಿದರೆ ಅರ್ಧ ಗಂಟೆ ಕೆಲಸ. ಆದರೆ ಬೀಜದ ಕೆಂಪು ಸಿಪ್ಪೆ ಗೀಚಿ ಹೋಗಿರುತ್ತದೆ, ಬೂಷ್ಟು ಒಳಗೆ ನುಗ್ಗುವುದು ಆ ಗಾಯದಲ್ಲೇ. ಮಿಷಿನ್ನಿನಲ್ಲಿ ಒಡೆಸಿದರೂ ಸರಿ, ಆರಿಸುವುದನ್ನು ಬಿಡಬೇಡಿ. ಆಳದ ವಿಷಯವೂ ಹಾಗೇ. ಟ್ರ್ಯಾಕ್ಟರ್ ಕೂರಿಗೆ ಹದ ಹುಡುಕಿಕೊಂಡು ಮೂರು ನಾಲ್ಕು ಇಂಚಿಗೆ ಇಳಿದರೆ ಮೊಳಕೆ ಮೇಲೆ ಬರಲು ಉದ್ದ ಎಳೆ ಕುತ್ತಿಗೆ ಚಾಚಬೇಕು, ಬಿಸಿ ಮಣ್ಣಿನಲ್ಲಿ ಅಷ್ಟು ದಿನ ಇದ್ದರೆ ಆ ಕುತ್ತಿಗೆಯೇ ಬೂಷ್ಟಿಗೆ ಊಟ. ಎರಡು ಇಂಚು ಸಾಕು.

ಬೀಜೋಪಚಾರ, ಅಂದರೆ ಬಿತ್ತುವ ಮುಂಚೆ ಬೀಜಕ್ಕೆ ಪುಡಿ ಸವರುವುದು, ಗೊತ್ತೇ ಇದೆ: ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ. ಟ್ರೈಕೋಡರ್ಮಾನೂ ಒಂದು ಬೂಷ್ಟೇ, ಒಳ್ಳೆಯ ಬೂಷ್ಟು. ಅದರ ಜೊತೆಗೇ ರಾಸಾಯನಿಕ ಪುಡಿಯನ್ನೂ ಕಲೆಸಿ "ಎರಡೂ ಹಾಕಿದೆ, ಡಬಲ್ ಪವರ್" ಅನ್ನುವವರಿದ್ದಾರೆ. ಎಷ್ಟೋ ಪುಡಿಗಳು ಮೊದಲು ಕೊಲ್ಲುವುದು ಟ್ರೈಕೋಡರ್ಮಾವನ್ನೇ.

ಐವತ್ತು ದಿನದ ಮೇಲೆ ಗುಂಪುಗುಂಪಾಗಿ ಒಣಗುತ್ತಿದೆ

ಮಾವನ ಹೊಲದ್ದು ಇದೇ. ಕಾಂಡ ಕೊಳೆ, ಬೂಷ್ಟಿನ ಹೆಸರು ಸ್ಕ್ಲೆರೋಷಿಯಂ ರಾಲ್ಫ್‌ಸಿಯೈ. ಹೆಸರು ನೆನಪಿರದಿದ್ದರೂ ಪರವಾಗಿಲ್ಲ, ಸಾಸಿವೆ ಕಾಳು ನೆನಪಿರಲಿ. ಆ ಕಾಳು ಬೂಷ್ಟಿನ ಗಂಟು, ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ನೆ ಬಿದ್ದಿರುತ್ತದೆ. ಕಡಲೆಕಾಯಿ, ಟೊಮೆಟೊ, ಮೆಣಸಿನಕಾಯಿ, ಬದನೆ, ಬೀನ್ಸ್, ನೂರಾರು ಜಾತಿಯ ಗಿಡ ಇದಕ್ಕೆ ಆಗುತ್ತದೆ.

ಗುರುತು ಸಿಗಲಿಲ್ಲ ಅಂದರೆ ಒಂದು ಉಪಾಯ. ಅನುಮಾನದ ಬುಡವನ್ನು ನಾಲ್ಕು ಬೆರಳು ಉದ್ದ ಕತ್ತರಿಸಿ, ಮಣ್ಣು ತೊಳೆದು, ಒದ್ದೆ ಬಟ್ಟೆಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ ಮನೆಯಲ್ಲೇ ನೆರಳಿನಲ್ಲಿಡಿ. ಎರಡು ಮೂರು ದಿನದಲ್ಲಿ ಬಿಳೀ ಎಳೆ ಬೀಸಣಿಗೆಯಂತೆ ಹರಡಿದರೆ ಇದೇ. ಕಪ್ಪು ಮಸಿ ಬಂದರೆ ಹಿಂದೆ ಹೇಳಿದ್ದು. ಮನೆಯವರಿಗೆ ಮೊದಲೇ ಹೇಳಿರಿ, ನಮ್ಮನೆಯಲ್ಲಿ ಒಂದು ಸಲ ಆ ಕವರ್ ಅನ್ನು ಸೊಪ್ಪು ಅಂದುಕೊಂಡು ಫ್ರಿಜ್ಜಿಗೆ ಇಟ್ಟಿದ್ದರು.

ಈ ಬೂಷ್ಟಿನ ಒಂದು ಗುಣ ತಿಳಿದರೆ ನಮ್ಮ ತಪ್ಪೆಲ್ಲ ತಾನಾಗಿಯೇ ಕಾಣುತ್ತದೆ. ಇದು ಮಣ್ಣಿನ ಮೇಲ್ಪದರದಲ್ಲೇ ಬದುಕುತ್ತದೆ, ಗಾಳಿ ಬೇಕು. ಗಿಡಕ್ಕೆ ಹತ್ತುವ ಮುಂಚೆ ಸತ್ತ ಎಲೆ, ಕಡ್ಡಿ, ಕೊಳೆಯದ ಗೊಬ್ಬರ ಯಾವುದನ್ನಾದರೂ ತಿಂದು ಶಕ್ತಿ ಮಾಡಿಕೊಳ್ಳುತ್ತದೆ. ಈಗ ನಮ್ಮ ಲೆಕ್ಕ ನೋಡೋಣ.

ತಿಪ್ಪೆ ಗೊಬ್ಬರ ಪೂರ್ತಿ ಕಳಿತಿತ್ತಾ? ಮುಂಗಾರು ಹತ್ತಿರ ಬಂತು ಅಂತ ಹುಲ್ಲು ಕಡ್ಡಿ ಇನ್ನೂ ಹಾಗೇ ಇರುವ ಹಸಿ ಗೊಬ್ಬರ ಎಳೆದು ಚೆಲ್ಲಿದರೆ ಅದು ಗಿಡಕ್ಕಿಂತ ಮುಂಚೆ ಬೂಷ್ಟಿಗೆ ಹಾಕಿದ ಊಟ.

ಮಾಗಿ ಉಳುಮೆ ಆಗಿತ್ತಾ? ರೆಕ್ಕೆ ನೇಗಿಲಲ್ಲಿ ಆರೇಳು ಇಂಚು ಆಳಕ್ಕೆ ಮಣ್ಣು ಮಗುಚಿದರೆ ಸಾಸಿವೆ ಕಾಳು, ಹಳೇ ಸೊಪ್ಪು ಎರಡೂ ಕೆಳಗೆ ಹೋಗುತ್ತವೆ, ಅಲ್ಲಿ ಅವು ಮೊಳೆಯುವುದು ಕಷ್ಟ. ಈಗ ಎಲ್ಲರೂ ಬಾಡಿಗೆ ರೋಟವೇಟರ್ ಹೊಡೆಸುತ್ತಾರೆ. ಮಣ್ಣು ಹಿಟ್ಟಿನ ಹಾಗೆ ಕಾಣುತ್ತದೆ, ಫೋಟೋಗೆ ಚೆನ್ನಾಗಿರುತ್ತದೆ. ಆದರೆ ಅದು ಸೊಪ್ಪು ಸದೆಯನ್ನು ಕೊಚ್ಚಿ ಮೇಲಿನ ನಾಲ್ಕೈದು ಇಂಚಿನಲ್ಲೇ ಕಲೆಸುತ್ತದೆ. ಬೂಷ್ಟಿಗೆ ಬೇಕಾದ ಜಾಗವೂ ಅದೇ.

ಮೂರನೆಯದು ನಾನೇ ಮಾಡಿದ ತಪ್ಪು. ಎಡೆಕುಂಟೆ ಹೊಡೆಯುವಾಗ ಬುಡಕ್ಕೆ ಮಣ್ಣು ಏರಿಸಿದರೆ ಕಾಯಿ ಜಾಸ್ತಿ ಕಟ್ಟುತ್ತದೆ ಅಂತ ಯಾರೋ ಹೇಳಿದ್ದು ಕೇಳಿ, ಐವತ್ತನೇ ದಿನ ಕುಂಟೆಗೆ ಹಗ್ಗ ಸುತ್ತಿ ಮಣ್ಣನ್ನು ಗಿಡದ ಕುತ್ತಿಗೆವರೆಗೂ ತಳ್ಳಿದೆ. ನೋಡಲು ಅಂದ. ಕೆಳಗಿನ ಎಲೆಯೆಲ್ಲ ಮಣ್ಣಿನಡಿ ಸಿಕ್ಕಿ ಕೊಳೆಯಿತು, ಕಾಂಡಕ್ಕೆ ಒದ್ದೆ ಮಣ್ಣು ಅಂಟಿಕೊಂಡೇ ಇತ್ತು, ಮೇಲೆ ಒಂದು ವಾರ ಜಡಿಮಳೆ. ಆರು ಗುಂಟೆ ಹೋಯಿತು. ಕುಂಟೆ ಹೊಡೆಯುವುದಿದ್ದರೆ ನಲವತ್ತು ದಿನದೊಳಗೆ, ಅದೂ ಮಣ್ಣು ಗಿಡದ ಮೇಲೆ ಬೀಳದಂತೆ. ಕಾಯಿಯ ಮೊಳೆ ಮಣ್ಣಿಗೆ ಇಳಿಯಲು ಶುರುವಾದ ಮೇಲೆ ಕುಂಟೆ ಮನೆಯಲ್ಲಿರಲಿ. ಜಿಪ್ಸಂ ಹಾಕುವವರು ಅದಕ್ಕೂ ಮುಂಚಿನ ಕೊನೆಯ ಕುಂಟೆ ಜೊತೆಗೇ ಮುಗಿಸಿಕೊಳ್ಳಿ.

ಕೊನೆಯದು ಬೆಳೆ ಬದಲಾವಣೆ. ಪಾವಗಡ, ಶಿರಾ, ಮಧುಗಿರಿ ಕಡೆ ಎಷ್ಟೋ ಹೊಲಗಳಲ್ಲಿ ಕಡಲೆಕಾಯಿ ಮೇಲೆ ಕಡಲೆಕಾಯಿಯೇ. ಜೋಳ, ಮುಸುಕಿನ ಜೋಳ, ರಾಗಿ, ಸಜ್ಜೆ ಹಾಕಿ ಎರಡು ಮೂರು ವರ್ಷ ಬಿಟ್ಟರೆ ಗಂಟುಗಳು ಕಡಿಮೆಯಾಗುತ್ತವೆ. ನಿಜ ಹೇಳಬೇಕು ಅಂದರೆ ರಾಗಿಗೂ ಈ ಬೂಷ್ಟು ಬುಡಕ್ಕೆ ಹತ್ತುವುದುಂಟು, ಆದರೆ ಕಡಲೆಕಾಯಿಗೆ ಮಾಡುವಷ್ಟು ಹಾಳು ಅಲ್ಲಿ ಮಾಡುವುದಿಲ್ಲ.

ಇದೇ ವಯಸ್ಸಿನ ಗಿಡ ದಿಬ್ಬದ ಮೇಲೆ, ಮಳೆ ಕೈಕೊಟ್ಟ ಹದಿನೈದು ದಿನದಲ್ಲಿ ಒಣಗಿದೆ, ಬಿಳೀ ಎಳೆ ಇಲ್ಲ, ಬೇರು ಒಣಗಿ ಪಟ್ಟನೆ ಮುರಿಯುತ್ತದೆ, ಸಿಪ್ಪೆ ಸುಲಿದರೆ ಇದ್ದಿಲು ಪುಡಿ ಚೆಲ್ಲಿದಂತೆ ಇದೆಯಾ? ಅದು ಒಣ ಬೇರು ಕೊಳೆ. ಹುರಳಿ, ಅಲಸಂದೆ, ಹೆಸರಿಗೂ ಬರುತ್ತದೆ. ಬಿಸಿಲು ಮತ್ತು ಬರ ಅದಕ್ಕೆ ಹಬ್ಬ. ನೀರಿದ್ದರೆ ಒಂದು ಸಲ ಕೊಡಿ. ಇಲ್ಲದಿದ್ದರೆ ಈ ವರ್ಷಕ್ಕೆ ಮಾಡುವುದು ಹೆಚ್ಚೇನಿಲ್ಲ, ಮುಂದಿನ ಸಲ ಚೆನ್ನಾಗಿ ಕಳಿತ ಗೊಬ್ಬರ ಜಾಸ್ತಿ ಹಾಕಿ ಹದ ಹಿಡಿಸಬೇಕು.

ಬುಡ ಚೆನ್ನಾಗಿದೆ, ಎಲೆ ಮೇಲೆ ಚುಕ್ಕೆ

ಕಡಲೆಕಾಯಿ ಎಲೆಯಲ್ಲಿ ಕಂದು ಚುಕ್ಕೆ, ಸುತ್ತ ಹಳದಿ ಬಳೆ ಇದ್ದರೆ ಮೊದಲು ಬರುವ ಟಿಕ್ಕಾ, ಅಂದರೆ ಎಲೆ ಚುಕ್ಕೆ ರೋಗ. ಎಲೆಯ ಅಡಿ ಕಪ್ಪಗೆ, ಒರಟಾಗಿ ಇದ್ದರೆ ತಡವಾಗಿ ಬರುವ ಟಿಕ್ಕಾ. ಎಲೆ ಅಡಿಯಲ್ಲಿ ಬೆರಳು ಉಜ್ಜಿದರೆ ಕಬ್ಬಿಣದ ತುಕ್ಕಿನ ಪುಡಿ ಅಂಟಿದರೆ ತುಕ್ಕು ರೋಗ. ಇನ್ನೊಂದು ಗುರುತು: ಟಿಕ್ಕಾ ಬಂದ ಎಲೆ ಉದುರುತ್ತದೆ, ತುಕ್ಕು ಬಂದದ್ದು ಒಣಗಿ ಗಿಡದಲ್ಲೇ ನೇತಾಡುತ್ತದೆ. ಎಲೆ ಮಡಚಿಕೊಂಡು ಸುಟ್ಟಂತಿದ್ದು, ಬಿಡಿಸಿದರೆ ಒಳಗೆ ಸಣ್ಣ ಹುಳು ಇದ್ದರೆ ಅದು ಸುರುಳಿ ಪೂಚಿ.

ಟಿಕ್ಕಾ ಹಳೇ ಸೊಪ್ಪಿನಲ್ಲಿ, ಬಿದ್ದ ಕಾಯಿಂದ ತಾನಾಗಿ ಹುಟ್ಟಿದ ಗಿಡದಲ್ಲಿ ಉಳಿದು ಬರುತ್ತದೆ. ಹಾಗಾಗಿ ಬೆಳೆ ಬದಲಾಯಿಸಿದರೆ ತಡವಾಗುತ್ತದೆ, ತಡವಾದಷ್ಟೂ ಕಾಯಿ ತುಂಬಿಕೊಳ್ಳಲು ಟೈಮ್ ಸಿಗುತ್ತದೆ. ತುಕ್ಕು ಗಾಳಿಯಲ್ಲಿ ದೂರದಿಂದ ಬರುತ್ತದೆ, ನೀವೊಬ್ಬರೇ ಬೆಳೆ ಬದಲಾಯಿಸಿ ಅದನ್ನು ತಡೆಯಲಾಗದು. ಎರಡಕ್ಕೂ ಬೇಕಿರುವುದು ಒದ್ದೆ ಎಲೆ. ಬೋರ್‌ವೆಲ್ ಇರುವವರು ಇಲ್ಲೇ ಸಿಕ್ಕಿಬೀಳುವುದು. ತ್ರೀ ಫೇಸ್ ಕರೆಂಟ್ ರಾತ್ರಿ ಬಂತು ಅಂತ ರಾತ್ರಿಯಿಡೀ ಸ್ಪ್ರಿಂಕ್ಲರ್ ಬಿಡುತ್ತಾರೆ, ಎಲೆ ಸಂಜೆ ಆರರಿಂದ ಬೆಳಿಗ್ಗೆ ಒಂಬತ್ತರವರೆಗೆ ಆರುವುದೇ ಇಲ್ಲ. ಕರೆಂಟ್ ನಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಬೆಳಗಿನ ಜಾವಕ್ಕೆ ಸಾಗಿಸಲು ಆದರೆ ಸಾಗಿಸಿ, ಬಿಸಿಲು ಬಂದ ಕೂಡಲೇ ಆರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಬಿಡುವ ಬದಲು ವಾರಕ್ಕೊಮ್ಮೆ ಚೆನ್ನಾಗಿ ನೆನೆಸುವುದು ವಾಸಿ.

ತಳಿ ಮಾತೂ ಇಲ್ಲೇ ಬರುತ್ತದೆ. ಟಿಎಂವಿ-2 ಅಂದರೆ ನಮ್ಮವರಿಗೆ ಪ್ರಾಣ. ತಮಿಳುನಾಡಿನ ತಿಂಡಿವನಂನಿಂದ ಬಂದ, ನಮ್ಮ ತಾತಂದಿರ ಕಾಲದ ತಳಿ, ಟಿಕ್ಕಾ ಬಂದರೆ ತಡೆಯುವುದಿಲ್ಲ. ಧಾರವಾಡದ ಜಿಪಿಬಿಡಿ-4 ತಡವಾಗಿ ಬರುವ ಟಿಕ್ಕಾ ಮತ್ತು ತುಕ್ಕು ಎರಡನ್ನೂ ತಡೆಯುತ್ತದೆ.

ಟಿಕ್ಕಾ ಎಲೆ ಉದುರಿಸುತ್ತದೆ ಅಂದೆನಲ್ಲ. ಆ ಎಲೆ ಎಲ್ಲಿ ಬೀಳುತ್ತದೆ? ಬುಡಕ್ಕೆ. ಕಾಂಡ ಕೊಳೆ ಬೂಷ್ಟಿಗೆ ಏನು ಬೇಕಿತ್ತು? ಸತ್ತ ಎಲೆ. ಮಾವನ ಹೊಲದಲ್ಲಿ ಎರಡೂ ಇದ್ದವು, ಒಂದಕ್ಕೊಂದು ಕೈಜೋಡಿಸಿದ್ದವು.

ತೊಗರಿ ಹೂ ಬಿಡುವ ಹೊತ್ತಿಗೆ ಸೊರಗುತ್ತಿದೆ

ಒಂದೇ ಗಿಡದಲ್ಲಿ ಒಂದು ಕೊಂಬೆ ಒಣಗಿ ಉಳಿದದ್ದು ಹಸಿರಾಗಿದೆಯಾ? ಕಾಂಡದ ಮೇಲೆ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟೆ ಇದೆಯಾ? ಕುಡುಗೋಲಿನಲ್ಲಿ ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗಿನ ಬಿಳಿ ಮರದಲ್ಲಿ ಪೆನ್ಸಿಲ್ ಗೆರೆ ಎಳೆದಂತೆ ಕಪ್ಪು ಗೆರೆ ಕಂಡರೆ ಸೊರಗು ರೋಗ, ಫ್ಯುಸೇರಿಯಂ ಉಡಂ. ಬೂಷ್ಟು ನೀರಿನ ನಾಳದೊಳಗೇ ಸೇರಿಕೊಂಡಿದೆ, ಮೇಲಿಂದ ಹೊಡೆದ ಯಾವ ಔಷಧಿಯೂ ಅಲ್ಲಿಗೆ ಮುಟ್ಟುವುದಿಲ್ಲ.

ಇದು ಹಳೇ ಬೇರು, ಕೂಳೆಗಳಲ್ಲಿ ಮೂರು ವರ್ಷದವರೆಗೂ ಬದುಕಿರುತ್ತದೆ. ತೊಗರಿ ಕೊಯ್ದು ಕೂಳೆ ಹಾಗೇ ಬಿಡುವುದು, ಮಳೆಗೆ ಅದು ಮತ್ತೆ ಚಿಗುರಿದರೆ "ಬಿಟ್ಟಿ ತೊಗರಿ" ಅಂತ ಕಾಯುವುದು, ಎರಡೂ ಬೂಷ್ಟನ್ನು ಸಾಕಿದಂತೆ. ಕೂಳೆ ಬೇರು ಸಮೇತ ಕಿತ್ತು ಒಲೆಗೆ ಹಾಕಿ.

ನಮ್ಮ ಹಿರಿಯರ ಅಕ್ಕಡಿ ಸಾಲು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ರಾಗಿಯ ನಡುವೆ ತೊಗರಿ ಒಂದು ಸಾಲು, ಅವರೆ ಒಂದು ಸಾಲು, ಜೊತೆಗೆ ಜೋಳ, ಹುಚ್ಚೆಳ್ಳು. ತೊಗರಿ ಬೇರಿಗೆ ತೊಗರಿ ಬೇರು ತಾಗುವುದೇ ಕಡಿಮೆ. ಜೋಳದ ಜೊತೆ ಬೆಳೆದ ತೊಗರಿಯಲ್ಲಿ ಸೊರಗು ಕಡಿಮೆ ಅನ್ನುವುದು ಹೈದರಾಬಾದ್ ಹತ್ತಿರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಪ್ರಯೋಗಗಳಲ್ಲೂ ಕಂಡಿದೆ. ತಾತ ಬೂಷ್ಟು ನೋಡಿ ಹಾಕಿದ್ದಲ್ಲ, ಒಂದು ಹೋದರೆ ಇನ್ನೊಂದಿರಲಿ ಅಂತ ಹಾಕಿದ್ದು. ಫಲ ಮಾತ್ರ ಎರಡೂ ಕಡೆ ಸಿಕ್ಕಿತು. ಬರೀ ತೊಗರಿಯೇ ಹಾಕುವವರು ಮಾರುತಿ, ಆಶಾ ಥರದ ಸೊರಗು ತಡೆಯುವ ತಳಿ ಕೇಳಿ.

ಚಿಕ್ಕ ತೊಗರಿ, ತಗ್ಗಿನಲ್ಲಿ, ನಾಲ್ಕು ದಿನ ಬಿಡದ ಮಳೆ ಆದ ಮೇಲೆ ಕಾಂಡದಲ್ಲಿ ಕಪ್ಪು ತಗ್ಗು ಬಿದ್ದು ಅಲ್ಲೇ ಮುರಿಯುತ್ತಿದ್ದರೆ ಅದು ಸೊರಗು ಅಲ್ಲ, ಫೈಟೋಫ್ತೊರಾ. ಬೂಷ್ಟು ಅಂತ ಕರೆದರೂ ಅದು ಪಾಚಿಯ ಕಡೆಯ ನೆಂಟ, ನೀರಿದ್ದರೆ ಮಾತ್ರ ಅದರ ಆಟ. ಬಸಿಗಾಲುವೆ ತೆಗೆಯಿರಿ, ಮುಂದಿನ ಸಲ ದಿಂಡು ಮಾಡಿ ಅದರ ಮೇಲೆ ಬಿತ್ತಿ. ಇನ್ನು ಗಿಡ ಪೊದೆಯಾಗಿ, ಎಲೆ ತಿಳಿ ಹಸಿರು, ಹೂವೇ ಇಲ್ಲ ಅಂದರೆ ಗೊಡ್ಡು ರೋಗ. ಅದು ವೈರಸ್, ಕಣ್ಣಿಗೆ ಕಾಣದ ನುಸಿ ಹರಡುತ್ತದೆ. ಬೂಷ್ಟಿನ ಔಷಧಿ ದಂಡ.

ಕೋಲಾರ, ಚಿಕ್ಕಬಳ್ಳಾಪುರದವರ ಬೀನ್ಸ್

ನಮ್ಮಕ್ಕನ ಮನೆ ಚಿಂತಾಮಣಿ ಕಡೆ. ಟೊಮೆಟೊ ಮುಗಿದ ಮೇಲೆ ಅದೇ ಮಲ್ಚಿಂಗ್ ಪೇಪರ್, ಅದೇ ಡ್ರಿಪ್, ಅದೇ ಕಡ್ಡಿಗೆ ಬೀನ್ಸ್. ಖರ್ಚಿನ ಲೆಕ್ಕದಲ್ಲಿ ಭಾವ ಮಾಡಿದ್ದು ಸರಿಯೇ. ಬೂಷ್ಟಿನ ಲೆಕ್ಕ ಬೇರೆ. ಸಾಸಿವೆ ಕಾಳಿನ ಬೂಷ್ಟಿಗೆ ಟೊಮೆಟೊನೂ ಒಂದೇ ಬೀನ್ಸೂ ಒಂದೇ, ಪೇಪರ್ ಅಡಿಯ ಮಣ್ಣು ಉತ್ತೇ ಇಲ್ಲ, ಹಳೇ ಬೇರು ಅಲ್ಲೇ ಇದೆ. ಟೊಮೆಟೊದಲ್ಲಿ ಬುಡ ಕೊಳೆತ ಗಿಡ ಕಂಡಿದ್ದರೆ ಆ ಸಾಲಿಗೆ ಬೀನ್ಸ್ ಬೇಡ, ಮುಸುಕಿನ ಜೋಳ ಹಾಕಿ.

ಕಾಯಿ ಮೇಲೆ ಕಪ್ಪು ತಗ್ಗು ಚುಕ್ಕೆ, ಎಲೆ ಅಡಿಯ ನರ ಕೆಂಪು ಕಪ್ಪಾಗಿದ್ದರೆ ಚಿಬ್ಬು ರೋಗ. ಬೀಜದಲ್ಲೇ ಬರುತ್ತದೆ. ಚುಕ್ಕೆ ಇರುವ ಕಾಯಿಯಿಂದ ಬೀಜ ಉಳಿಸಿಕೊಂಡಿದ್ದರೆ ಉತ್ತರ ಅಲ್ಲೇ ಇದೆ. ತುಕ್ಕಿನ ಪುಡಿ ಕಂಡರೆ ಹಳೇ ಕಡ್ಡಿ ನೋಡಿ, ಹೋದ ಸಲದ ಒಣ ಬಳ್ಳಿ ಸುತ್ತಿಕೊಂಡೇ ಇರುತ್ತದೆ. ಅದನ್ನು ಬಿಡಿಸಿ ಸುಟ್ಟು, ಕಡ್ಡಿಯನ್ನು ಬಿಸಿಲಿಗೆ ಹರವಿ. ಕೋಳಿ ಗೊಬ್ಬರ, ಯೂರಿಯಾ ಜಾಸ್ತಿ ಬಿದ್ದರೆ ಬಳ್ಳಿ ದಟ್ಟವಾಗಿ ಒಳಗೆ ಗಾಳಿ ಆಡದು, ಎಲೆ ಆರದು.

ಡಿಸೆಂಬರ್, ಜನವರಿಯಲ್ಲಿ ನಂದಿ ಬೆಟ್ಟದ ಸುತ್ತ ಮಂಜು ಎಂಟು ಗಂಟೆಯಾದರೂ ಬಿಡುವುದಿಲ್ಲ. ಮಾರ್ಕೆಟ್ ಗಾಡಿ ಬೇಗ ಬರುತ್ತದೆ ಅಂತ ಆ ಇಬ್ಬನಿಯಲ್ಲೇ ಕಾಯಿ ಬಿಡಿಸಿದರೆ ಕೂಲಿಯವರ ಕೈ, ಸೀರೆ ಅಂಚು, ಬುಟ್ಟಿಯ ತಳ ಎಲ್ಲವೂ ಚಿಬ್ಬನ್ನು ಈ ಸಾಲಿನಿಂದ ಆ ಸಾಲಿಗೆ ಒಯ್ಯುತ್ತವೆ. ಎಲೆ ಆರಿದ ಮೇಲೆ ಬಿಡಿಸಿ, ರೋಗ ಇರುವ ಸಾಲು ಕೊನೆಗೆ. ಅವರೆಗೂ ಇದೇ ಮಾತು, ಆದರೆ ಅವರೆ ವಿಷಯದಲ್ಲಿ ಇಬ್ಬನಿ ಬೇಡ ಅಂದರೆ ಯಾರೂ ಕೇಳುವುದಿಲ್ಲ. ಇಬ್ಬನಿ ಬೀಳದೆ ಸೊಗಡು ಎಲ್ಲಿಂದ ಬರಬೇಕು, ಅಲ್ವಾ? ಸಾಲು ಅಗಲ ಬಿಟ್ಟು ಗಾಳಿ ಆಡಿಸಿ, ಅಷ್ಟು ಸಾಕು.

ಈಗೇನು ಮಾಡುವುದು

ಎಲೆ ರೋಗಕ್ಕೆ ಔಷಧಿ ಕೆಲಸ ಮಾಡುತ್ತದೆ, ಶುರುವಿನಲ್ಲೇ ಹೊಡೆದರೆ. ಬುಡದ ರೋಗಕ್ಕೆ ಈ ವರ್ಷ ಮಾಡಬಹುದಾದದ್ದು ಹರಡುವುದನ್ನು ತಡೆಯುವುದಷ್ಟೇ: ಒಣಗಿದ ಗಿಡವನ್ನು ಸುತ್ತಲಿನ ಮಣ್ಣು ಸಮೇತ ಎತ್ತಿ ಚೀಲಕ್ಕೆ ಹಾಕಿ ಹೊರಗೆ ಸುಡಿ. ಎಳೆದುಕೊಂಡು ಹೋಗಬೇಡಿ, ಸಾಸಿವೆ ಕಾಳು ದಾರಿಯುದ್ದಕ್ಕೂ ಉದುರುತ್ತದೆ. ಬದುವಿನ ಮೇಲೆ ಎಸೆದರೆ ಮಳೆಗೆ ವಾಪಸ್ ಹೊಲಕ್ಕೇ ಬರುತ್ತದೆ, ತಿಪ್ಪೆಗೆ ಎಸೆದರೆ ಮುಂದಿನ ವರ್ಷ ಗಾಡಿಯಲ್ಲಿ ನೀವೇ ತಂದು ಹರಡುತ್ತೀರಿ. ಮುಂದಿನ ಬಿತ್ತನೆಗೆ ಹದಿನೈದು ದಿನ ಮುಂಚೆ 100 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 2 ಕೆಜಿ ಟ್ರೈಕೋಡರ್ಮಾ ಕಲೆಸಿ, ನೆರಳಿನಲ್ಲಿ ಗುಡ್ಡೆ ಮಾಡಿ, ನೀರು ಚಿಮುಕಿಸಿ ಗೋಣಿಚೀಲ ಮುಚ್ಚಿಡಿ. ಒಂದು ಎಕರೆಗೆ ಅದು ಸಾಕು.

ಅನುಮಾನ ಬಗೆಹರಿಯದಿದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ತಿಪಟೂರಿನ ಕೊನೇಹಳ್ಳಿ, ಕೋಲಾರಕ್ಕೆ ಟಮಕ, ಚಿಕ್ಕಬಳ್ಳಾಪುರಕ್ಕೆ ಚಿಂತಾಮಣಿಯ ಕುರುಬೂರು. ಬರೀ ಎಲೆ ಬೇಡ. ಬಾಡುತ್ತಿರುವ ಗಿಡ ಎರಡು, ಚೆನ್ನಾಗಿರುವುದು ಒಂದು, ಬೇರು ಮಣ್ಣು ಸಮೇತ, ಪೇಪರಿನಲ್ಲಿ ಸುತ್ತಿ. ಜೊತೆಗೆ ಒಂದು ಚೀಟಿಯಲ್ಲಿ ಬಿತ್ತಿದ ದಿನ, ಹೋದ ಮೂರು ವರ್ಷದ ಬೆಳೆ, ಗೊಬ್ಬರ ಯಾವುದು, ಕುಂಟೆ ಯಾವಾಗ, ಏನೇನು ಹೊಡೆದಿರಿ ಅಂತ ಬರೆದುಕೊಂಡು ಹೋಗಿ. ಮಾವ ಆ ಚೀಟಿ ಬರೆಯಲು ಕೂತು ಮೂರನೇ ಸಾಲಿಗೇ ಪೆನ್ನು ಕೆಳಗಿಟ್ಟರು. "ಮೂರು ವರ್ಷ ಅಲ್ಲ ಕಣಪ್ಪ, ಹನ್ನೊಂದು ವರ್ಷದಿಂದ ಅದೇ ಹೊಲಕ್ಕೆ ಕಡಲೆಕಾಯೇ ಹಾಕಿದೀನಿ."